ಕಚ್ಚಿಕೊಂಡ ಕಬ್ಬಿಣವನ್ನು ಬಿಡಿಸುವ ಕೆಲಸ

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಬಡಿಗರ ಶೆಡ್ಡುಗಳಲ್ಲಿ ಹೊಸದಾಗಿ ಕೊಂಡ ದೊಡ್ಡ ಮಷಿನ್ನುಗಳು ಕಡಿಮೆ. ಬಾಳೆಹೊಸೂರಿನಂಥ ಊರಲ್ಲಿ ಬಾಗಿಲು, ಚೌಕಟ್ಟು, ಕಪಾಟು ಮಾಡುವವರಿಗೆ ರಂದಾ ಮಷಿನ್ನೋ ಬ್ಯಾಂಡ್ ಸಾ ಗರಗಸವೋ ಬೇಕೆನಿಸಿದರೆ ಮೊದಲು ವಿಚಾರಿಸುವುದು ಗದಗ-ಬೆಟಗೇರಿ ಅಥವಾ ಹುಬ್ಬಳ್ಳಿಯ ಹಳೇ ಸಾಮಾನಿನವರನ್ನು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿತನವೂ ಒಂದು. ಅದರಲ್ಲಿ ಉಪಕರಣಗಳಿಗೆಂದು ಸಿಗುವುದು 15,000 ರೂಪಾಯಿ. ಮೇಲೆ ಎರಡು ಕಂತಿನಲ್ಲಿ ಒಟ್ಟು ಮೂರು ಲಕ್ಷದವರೆಗೆ ಸಾಲ. ಕೈಯಲ್ಲಿ ಹಿಡಿಯುವ ಡ್ರಿಲ್ಲು, ಸಣ್ಣ ರಂದಾ ಆ ಹದಿನೈದು ಸಾವಿರದಲ್ಲಿ ಬಂದಾವು. ಬೀಡಿನ, ಅಂದರೆ ಎರಕದ ಕಬ್ಬಿಣದ ಮೈಯ, ನಾಲ್ಕು ಜನ ಎತ್ತಬೇಕಾದ ಮಷಿನ್ನು ಬರುವುದಿಲ್ಲ. ಸಾಲ ಬೇಡವೆನ್ನುವವರು ಹಳೆಯದನ್ನೇ ತರುತ್ತಾರೆ, ತಂದ ಹಳೆಯದರಲ್ಲಿ ಏನಾದರೊಂದು ಜಾಮ್ ಆಗಿರುತ್ತದೆ. ಟೇಬಲ್ಲು ಮೇಲೆ ಕೆಳಗೆ ಆಡುವುದಿಲ್ಲ, ಬ್ಲೇಡಿನ ನಟ್ಟು ಬಿಚ್ಚುವುದಿಲ್ಲ, ಪುಲ್ಲಿ ಶಾಫ್ಟಿಗೆ ಕಚ್ಚಿಕೊಂಡು ಕೂತಿದೆ.

ಇಂಥ ಮಷಿನ್ನು ಕೊಳ್ಳಬೇಕೋ ಬೇಡವೋ, ಕೊಂಡರೆ ಕಚ್ಚಿದ್ದನ್ನು ಹೇಗೆ ಬಿಡಿಸಬೇಕು, ಎಲ್ಲಿಗೆ ಕೈಬಿಡಬೇಕು ಎಂಬುದು ನಮ್ಮ ಕಡೆ ಬರಹದಲ್ಲಿ ಬಂದದ್ದು ಕಡಿಮೆ. ಬಲ್ಲವರಿದ್ದಾರೆ, ಆದರೆ ಆ ತಿಳಿವಳಿಕೆ ಹಂಚಿಹೋಗಿದೆ. ಬಡಿಗನಿಗೆ ಕಟ್ಟಿಗೆಯ ಗುಣ ಗೊತ್ತು, ಲೇಥಿನ ಟರ್ನರನಿಗೆ ಶಾಫ್ಟು-ಬುಷ್ಷಿನ ಲೆಕ್ಕ ಗೊತ್ತು, ಗ್ಯಾರೇಜಿನವನಿಗೆ ಎಣ್ಣೆ ಮತ್ತು ಪುಲ್ಲರ್ ಗೊತ್ತು, ಕಮ್ಮಾರನಿಗೆ ಬೆಂಕಿ ಗೊತ್ತು. ಮಷಿನ್ನು ಮಾತ್ರ ಬಡಿಗನೊಬ್ಬನ ಅಂಗಳದಲ್ಲಿ ನಿಂತಿರುತ್ತದೆ. ಅವನ ಕೈಗೆ ಸುಲಭವಾಗಿ ಸಿಗುವುದು ಸುತ್ತಿಗೆ. ಚೆನ್ನಾಗಿ ಬಾಳಬಹುದಾದ ಮಷಿನ್ನುಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುವುದಕ್ಕೆ ಆ ಸುತ್ತಿಗೆಯ ಅವಸರವೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಮಷಿನ್ನು ಎಲ್ಲಿಂದ ಬಂತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಗದಗ ಜಿಲ್ಲೆ ಬಯಲುಸೀಮೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲೇ ಬಾಳಿದ ಮಷಿನ್ನಿಗೆ ಜಂಗು ಮೇಲ್ಮೈಗಷ್ಟೇ ಹಿಡಿದಿರುತ್ತದೆ. ಕಾರವಾರ, ಮಂಗಳೂರಿನ ಕಡೆ ಮಳೆ ಮೂರು ಸಾವಿರ ಮಿಲಿಮೀಟರು ದಾಟುತ್ತದೆ, ಗಾಳಿಯಲ್ಲಿ ಉಪ್ಪೂ ಇರುತ್ತದೆ. ಅಲ್ಲಿಂದ ಬಂದದ್ದರಲ್ಲಿ ಜಂಗು ಸಂದಿಗೊಂದಿಯ ಒಳಗೆ ಇಳಿದಿರುತ್ತದೆ. ಕಾಡಿನ ಕಡೆಯ ಕಟ್ಟಿಗೆ ಮಿಲ್ಲುಗಳದ್ದು ಇನ್ನೊಂದು ಕಥೆ. ಕಾಡಿನ ರಕ್ಷಣೆ ಕುರಿತ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಮಿಲ್ಲುಗಳು ನಿಲ್ಲಬೇಕಾಯಿತು. 2002ರಲ್ಲಿ ಹೊಸ ಮಿಲ್ಲುಗಳಿಗೂ ನ್ಯಾಯಾಲಯದ ಸಮಿತಿಯ ಮುಂಗಡ ಅನುಮತಿ ಬೇಕೆಂದಾಯಿತು. ಹೀಗೆ ಬಾಗಿಲು ಹಾಕಿದ ಮಿಲ್ಲಿನ ಮಷಿನ್ನು ಸವೆದು ನಿಂತದ್ದಲ್ಲ, ಕೆಲಸವಿಲ್ಲದೆ ನಿಂತದ್ದು. ಸವೆದ ಮಷಿನ್ನಿಗಿಂತ ಸುಮ್ಮನೆ ನಿಂತ ಮಷಿನ್ನು ಕೊಳ್ಳಲು ಒಳ್ಳೆಯದು, ಅದರ ಎಲ್ಲಾ ಭಾಗಗಳು ಕಚ್ಚಿಕೊಂಡಿದ್ದರೂ. ಜಂಗನ್ನು ಬಿಡಿಸಬಹುದು, ಸವೆದು ಹೋದ ಲೋಹವನ್ನು ಮತ್ತೆ ತರಲಾಗದು.

ಕಚ್ಚುವುದಕ್ಕೆ ಕಾರಣ ಒಂದೇ ಅಲ್ಲ. ಈ ಲೇಖನದ ಮುಖ್ಯ ಮಾತು ಇದೇ. ಜಾಮ್ ಆಗಿದೆ ಎಂದ ಕೂಡಲೇ ಎಣ್ಣೆ ಸುರಿಯುವವರು ಜಂಗೊಂದೇ ಕಾರಣವೆಂದು ಮೊದಲೇ ತೀರ್ಮಾನಿಸಿರುತ್ತಾರೆ. ಕಟ್ಟಿಗೆ ಮಷಿನ್ನುಗಳಲ್ಲಿ ಎಷ್ಟೋ ಸಲ ಜಂಗು ಇರುವುದೇ ಇಲ್ಲ. ಕಟ್ಟಿಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಥಿಕ್‌ನೆಸರ್‌ನ ಟೇಬಲ್ಲನ್ನು ಎತ್ತಿ ಇಳಿಸುವ ಸ್ಕ್ರೂಗಳ ಸುತ್ತ ಹಳೆಯ ಗ್ರೀಸು, ಸಣ್ಣ ಹೊಟ್ಟು, ಬೇವು-ಜಾಲಿಯ ಅಂಟು ಸೇರಿ ವರ್ಷಗಟ್ಟಲೆ ಒಣಗಿದರೆ ಅದು ಕಲ್ಲಿನಂತಾಗುತ್ತದೆ. ಅದಕ್ಕೆ ಜಂಗು ಬಿಡಿಸುವ ಎಣ್ಣೆ ಹಾಕಿದರೆ ಮೇಲ್ಪದರ ನೆನೆಯುತ್ತದೆ, ಒಳಗೆ ಹಾಗೇ ಉಳಿಯುತ್ತದೆ. ಬೇಕಾದದ್ದು ಸೀಮೆಎಣ್ಣೆ ಅಥವಾ ಡೀಸೆಲ್, ಒಂದು ತಂತಿಯ ಬ್ರಷ್ಷು, ಮೊನೆಯಿರುವ ಕಡ್ಡಿ. ಕಟ್ಟಿಗೆಯ ಅಂಟು ಹೆಚ್ಚಿದ್ದರೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಒಳ್ಳೆಯ ಕೆಲಸ ಮಾಡುತ್ತದೆ. ಕಾಸ್ಟಿಕ್ ಸೋಡಾ ಇನ್ನೂ ಜೋರು, ಆದರೆ ಅಲ್ಯೂಮಿನಿಯಂ ಭಾಗಗಳನ್ನು ತಿಂದುಹಾಕುತ್ತದೆ, ಕೈಯನ್ನೂ ಸುಡುತ್ತದೆ. ಅದನ್ನು ದೂರವಿಡುವುದೇ ಲೇಸು.

ಜಾಲಿ ಕಟ್ಟಿಗೆಯದ್ದು ವಿಶೇಷ. ಈ ಸೀಮೆಯಲ್ಲಿ ಕುಂಟೆ, ಕೂರಿಗೆ, ಚಕ್ಕಡಿಗೆಲ್ಲ ಜಾಲಿಯೇ ಆಧಾರವಾಗಿತ್ತು. ಜಾಲಿ ತೊಗಟೆಯಲ್ಲಿ ತೊಗಲು ಹದ ಮಾಡುವಷ್ಟು ಒಗರು, ಅಂದರೆ ಟ್ಯಾನಿನ್ ಇದೆ. ಹಸಿ ಕಟ್ಟಿಗೆ ಕೊಯ್ದಾಗ ಕಬ್ಬಿಣ ತಾಗಿದ ಜಾಗ ಕಪ್ಪಾಗುವುದು ಇದರಿಂದಲೇ. ಇಂಥ ಹೊಟ್ಟು ಟೇಬಲ್ಲಿನ ಸಂದಿಯಲ್ಲಿ ಕೂತರೆ ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು, ಹುಳಿಯ ಗುಣದಿಂದ ಕಬ್ಬಿಣವನ್ನು ಕೊರೆಯುತ್ತದೆ. ಒಣಸೀಮೆಯಲ್ಲೂ ಮಷಿನ್ನು ಒಳಗಿಂದ ಜಂಗು ಹಿಡಿಯುವುದಕ್ಕೆ ಇದೂ ಒಂದು ಕಾರಣ. ದಿನದ ಕೊನೆಗೆ ಹೊಟ್ಟು ಗುಡಿಸುವ ಹುಡುಗ ಟೇಬಲ್ಲಿನ ಮೇಲ್ಭಾಗವನ್ನಷ್ಟೇ ಒರೆಸದೆ ಕೆಳಗಿನ ಸ್ಕ್ರೂಗಳ ಬುಡವನ್ನೂ ಬ್ರಷ್ಷಿನಿಂದ ಕೆದರಿದರೆ ಮುಂದಿನ ಮಾಲೀಕನಿಗೆ ಅರ್ಧ ಕೆಲಸ ತಪ್ಪುತ್ತದೆ.

ಇನ್ನು ಕೆಲವು ಭಾಗಗಳು ಕಚ್ಚಿರುವುದೇ ಇಲ್ಲ, ಬಿಗಿದಿರುತ್ತವೆ. ಪುಲ್ಲಿಯಲ್ಲಿ ಒಂದು ಗ್ರಬ್ ಸ್ಕ್ರೂ ಬಿಚ್ಚಿ, ಇನ್ನೇನು ಬರುತ್ತದೆಂದು ಎಳೆಯುವವರು ಅದೇ ತೂತಿನ ತಳದಲ್ಲಿ ಎರಡನೆಯ ಗ್ರಬ್ ಸ್ಕ್ರೂ ಕೂತಿರಬಹುದೆಂದು ನೋಡುವುದಿಲ್ಲ. ಹಲವು ಮಷಿನ್ನುಗಳಲ್ಲಿ ಒಂದರ ಮೇಲೊಂದು ಹಾಕುವ ಪದ್ಧತಿ ಇದೆ. ಕೈಗಾಲಿಯನ್ನು ಶಾಫ್ಟಿಗೆ ಹಿಡಿದಿಡುವ ಪಿನ್ನು ಬಹಳ ಸಲ ಸಮ ದಪ್ಪದ್ದಲ್ಲ, ಒಂದು ತುದಿ ಸಣ್ಣದು: ಮೆಟ್ರಿಕ್ ಲೆಕ್ಕದಲ್ಲಿ 50 ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಇಳಿಜಾರು. ಅದನ್ನು ಸಣ್ಣ ತುದಿಯ ಕಡೆಯಿಂದಲೇ ಹೊಡೆಯಬೇಕು. ದಪ್ಪ ತುದಿಯಿಂದ ಹೊಡೆದರೆ ಪ್ರತಿ ಏಟೂ ಅದನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಬಣ್ಣದಡಿ ಮುಚ್ಚಿಹೋದ ಪಿನ್ನಿನ ಎರಡೂ ತುದಿಯನ್ನು ಕೆರೆದು ಅಳೆಯುವುದು ಐದು ನಿಮಿಷದ ಕೆಲಸ, ಅದು ಒಂದು ಕೈಗಾಲಿಯನ್ನು ಉಳಿಸುತ್ತದೆ.

ಥ್ರೆಡ್ಡಿನ ದಿಕ್ಕಂತೂ ಎಷ್ಟು ಶಾಫ್ಟುಗಳನ್ನು ಕೆಡಿಸಿದೆಯೋ ಲೆಕ್ಕವಿಲ್ಲ. ವೃತ್ತಾಕಾರದ ಬ್ಲೇಡಿನ ನಟ್ಟು ಬ್ಲೇಡಿನ ಓಟದಿಂದ ತಾನಾಗಿ ಬಿಚ್ಚಿಕೊಳ್ಳಬಾರದೆಂದು, ಮಷಿನ್ನಿನ ಯಾವ ಮಗ್ಗುಲಲ್ಲಿದೆ ಎಂಬುದರ ಮೇಲೆ ಕೆಲವದಕ್ಕೆ ಎಡಗೈ ಥ್ರೆಡ್ ಹಾಕಿರುತ್ತಾರೆ. ನೆನಪಿಡಬೇಕಾದದ್ದು ಇಷ್ಟು: ಕಟ್ಟಿಗೆ ಕೊಯ್ಯುವಾಗ ಬ್ಲೇಡು ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ನಟ್ಟು ತಿರುಗಿಸಿದರೆ ಬಿಚ್ಚುತ್ತದೆ. ಬೆಂಚ್ ಗ್ರೈಂಡರಿನ ಎಡಗಲ್ಲಿಗೂ ಎಡಗೈ ಥ್ರೆಡ್ಡೇ. ಪಾನಾಕ್ಕೆ ಪೈಪು ಸೇರಿಸಿ ಇಬ್ಬರು ಜೋತುಬೀಳುವ ಮೊದಲು ಥ್ರೆಡ್ಡಿನ ಓಟವನ್ನು ಕಣ್ಣಿನಿಂದ ನೋಡಬೇಕು.

ನಿಜವಾಗಿ ಜಂಗು ಕಚ್ಚಿದ ಜಾಗದಲ್ಲಿ ಆಗಿರುವುದೇನು? ಕಬ್ಬಿಣ ಜಂಗಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಬೋಲ್ಟಿನ ನಡುವಿನ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಜಂಗು ಎರಡನ್ನೂ ಒಳಗಿಂದ ಒತ್ತಿ ಬೆಣೆಯಂತೆ ಬಿಗಿಯುತ್ತದೆ. ಎಣ್ಣೆ ಈ ಜಂಗನ್ನು ಕರಗಿಸುವುದಿಲ್ಲ. ಅದು ಮಾಡುವುದು ಜಂಗಿನ ಪುಡಿಯ ನಡುವೆ ಹರಿದು ಜಾರಿಕೆ ಕೊಡುವ ಕೆಲಸ. ಹಾಗಾಗಿ ತೆಳುವಾದ ಎಣ್ಣೆ ಬೇಕು, ಸಮಯವೂ ಬೇಕು. ದಪ್ಪ ಎಂಜಿನ್ ಆಯಿಲ್ ಸಂದಿಯ ಬಾಯಲ್ಲೇ ನಿಲ್ಲುತ್ತದೆ. ಡಬ್ಲ್ಯುಡಿ-40 ಬಹಳಷ್ಟು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದು 1953ರಲ್ಲಿ ಅಮೆರಿಕದ ರಾಕೆಟ್ ಕೆಮಿಕಲ್ ಕಂಪನಿ ಲೋಹದ ಮೈಮೇಲಿನ ನೀರನ್ನು ತಳ್ಳಿ ಜಂಗು ತಡೆಯಲೆಂದು ಮಾಡಿದ್ದು. ಮಾಮೂಲಿ ಡಬ್ಬಿಯನ್ನೇ ಜಂಗು ಬಿಡಿಸುವ ಎಣ್ಣೆಯೆಂದು ತಿಳಿದು ನಿರಾಶರಾಗುವವರು ಬಹಳ. ಅಸಿಟೋನಿಗೆ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆ ಬೆರೆಸುವ ಪಾಕ ಹೊರದೇಶದ ವರ್ಕ್‌ಶಾಪುಗಳಲ್ಲಿ ಪ್ರಸಿದ್ಧ. ಕೆಲಸ ಮಾಡುತ್ತದೆ, ಆದರೆ ಎರಡೂ ಬೇಗ ಬೇರ್ಪಡುತ್ತವೆ, ಮೇಲಾಗಿ ಅಸಿಟೋನಿನ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಹೊಟ್ಟು ತುಂಬಿದ ಶೆಡ್ಡಿನಲ್ಲಿ ಅದನ್ನು ಬಳಸಬಾರದು. ಬ್ರೇಕ್ ಆಯಿಲ್ ಹಾಕುವ ರೂಢಿ ಗ್ಯಾರೇಜುಗಳಿಂದ ಬಂದದ್ದು. ಅದು ಬಣ್ಣವನ್ನು ಸುಲಿಯುತ್ತದೆ, ಬೇರೆ ಎಣ್ಣೆಗಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ಬಡಿಗರಿಗೆ ಕಷ್ಟವೆನಿಸುವುದು ಎಣ್ಣೆಯಲ್ಲ, ಕಾಯುವುದು. ಬೆಳಿಗ್ಗೆ ಎಣ್ಣೆ, ಸಂಜೆ ಎಣ್ಣೆ, ನಡುನಡುವೆ ಸಣ್ಣ ಸುತ್ತಿಗೆಯಿಂದ ನಟ್ಟಿನ ತಲೆಗೆ ಹಗುರವಾಗಿ ಒಂದಿಷ್ಟು ಏಟು. ಈ ಏಟುಗಳ ಉದ್ದೇಶ ತಿರುಗಿಸುವುದಲ್ಲ, ಜಂಗಿನ ಪದರ ಒಡೆದು ಎಣ್ಣೆಗೆ ದಾರಿ ಮಾಡುವುದು. ಮೂರು ನಾಲ್ಕು ದಿನ ಹೀಗೆ ಬಿಟ್ಟ ನಟ್ಟು ಮೊದಲ ದಿನದ ನಟ್ಟಾಗಿರುವುದಿಲ್ಲ. ಆಮೇಲೂ ಒಂದೇ ದಿಕ್ಕಿಗೆ ಬಲ ಹಾಕಬಾರದು. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಅರ್ಧ ಸುತ್ತು ಬಂದರೆ ಕಾಲು ಸುತ್ತು ಹಿಂದಕ್ಕೆ. ಕೂಲಿಯ ದಿನ ತಪ್ಪಿಹೋಗುವ ಕಸುಬಿನಲ್ಲಿ ಈ ಕಾಯುವಿಕೆ ದುಬಾರಿ ಎನಿಸುವುದು ನಿಜವೇ. ಆದರೆ ಎಣ್ಣೆ ಕೆಲಸ ಮಾಡುವಾಗ ಬಡಿಗ ಅದರ ಪಕ್ಕದಲ್ಲಿ ಕೂತಿರಬೇಕಿಲ್ಲ. ಮಷಿನ್ನನ್ನು ಚೌಕಟ್ಟಿನ ಆರ್ಡರು ಬಂದ ಮೇಲೆ ತರುವ ಬದಲು ಕೆಲಸ ಕಡಿಮೆಯಿರುವ ತಿಂಗಳಲ್ಲಿ ತಂದರೆ ಕಾಯುವುದಕ್ಕೆ ಖರ್ಚೇ ಇಲ್ಲ.

ಎಣ್ಣೆಗೆ ಬಗ್ಗದ್ದು ಬೆಂಕಿಗೆ ಬಗ್ಗುತ್ತದೆ. ಈ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ಚಕ್ಕಡಿ ಗಾಲಿಗೆ ಹಳಿ ಏರಿಸುವುದನ್ನು ಕಂಡವರು ಇನ್ನೂ ಇದ್ದಾರೆ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಬೆಸೆದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಿಮಟಿಗಳಿಂದ ಎತ್ತಿ ಕಟ್ಟಿಗೆ ಗಾಲಿಯ ಮೇಲೆ ಕೂರಿಸಿ ನೀರು ಸುರಿಯುತ್ತಿದ್ದರು. ಹಳಿ ಕುಗ್ಗಿ ಅರಗಳನ್ನೂ ನಡುವಿನ ಗುಂಭವನ್ನೂ ಒಂದಕ್ಕೊಂದು ಬಿಗಿಯುತ್ತಿತ್ತು. ಲೆಕ್ಕ ಹಾಕಿದರೆ, 1.2 ಮೀಟರ್ ಅಡ್ಡಳತೆಯ ಹಳಿಯ ಸುತ್ತಳತೆ ಸುಮಾರು 3.77 ಮೀಟರ್. ಉಕ್ಕು ಒಂದು ಡಿಗ್ರಿ ಸೆಲ್ಸಿಯಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 400 ಡಿಗ್ರಿ ಏರಿಸಿದರೆ ಸುತ್ತಳತೆ 18 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಬಡಿಗನೂ ಕಮ್ಮಾರನೂ ಕೂಡಿ ಮಾಡುತ್ತಿದ್ದ ಆ ಕೆಲಸದಲ್ಲಿ ಈ ಲೆಕ್ಕವೆಲ್ಲ ಕೈಯ ಅಳತೆಯಲ್ಲೇ ಇತ್ತು.

ಪುಲ್ಲಿ ಬಿಡಿಸುವುದು ಇದೇ ಕೆಲಸದ ಹಿಮ್ಮುಖ. 25 ಮಿಲಿಮೀಟರ್ ಶಾಫ್ಟಿನ ಮೇಲೆ ಕಚ್ಚಿದ ಬೀಡಿನ ಪುಲ್ಲಿಯನ್ನು ಶಾಫ್ಟಿಗಿಂತ 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದರ ತೂತು ಸುಮಾರು 0.027 ಮಿಲಿಮೀಟರ್ ಅಗಲವಾಗುತ್ತದೆ. ಅಲ್ಯೂಮಿನಿಯಂ ಪುಲ್ಲಿಯಾದರೆ ಅದರ ಎರಡು ಪಟ್ಟು, 0.057ರ ಹತ್ತಿರ. ಕಣ್ಣಿಗೆ ಕಾಣದಷ್ಟು, ಆದರೆ ಜಂಗಿನ ಹಿಡಿತ ಮುರಿಯಲು ಸಾಕು. ಗುಟ್ಟು ಇರುವುದು 'ಶಾಫ್ಟಿಗಿಂತ ಹೆಚ್ಚು' ಎಂಬಲ್ಲಿ. ನಿಧಾನವಾಗಿ ಬಹಳ ಹೊತ್ತು ಕಾಯಿಸಿದರೆ ಶಾಫ್ಟೂ ಅಷ್ಟೇ ಬಿಸಿಯಾಗಿ ಹಿಗ್ಗಿ ಲಾಭವೆಲ್ಲ ಹೋಗುತ್ತದೆ. ಹೊರಭಾಗಕ್ಕೆ ಸುತ್ತಲೂ ಸಮವಾಗಿ, ಬೇಗ ಶಾಖ ಕೊಟ್ಟು, ಶಾಫ್ಟಿಗೆ ಒದ್ದೆ ಬಟ್ಟೆ ಸುತ್ತಿ, ಕೂಡಲೇ ಪುಲ್ಲರ್ ತಿರುಗಿಸಬೇಕು. ಬೋಲ್ಟಿನಲ್ಲಿ ಇನ್ನೊಂದು ಉಪಾಯವಿದೆ: ಬಿಸಿ ಮಾಡಿದ ನಟ್ಟು ತುಸು ಆರುವಾಗ ಅದರ ಅಂಚಿಗೆ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುತ್ತದೆ.

ಬೆಂಕಿ ಹಿಡಿಯುವ ಕೈಗೆ ಕೆಲವು ಕಡೆ ಪೂರ್ತಿ ನಿಷೇಧ ಇರಬೇಕು. ರಂದಾ ಮಷಿನ್ನಿನ ಕಟರ್ ಬ್ಲಾಕಿಗೆ ಗ್ಯಾಸಿನ ಜ್ವಾಲೆಯಾಗಲಿ ವೆಲ್ಡಿಂಗಾಗಲಿ ತಾಗಿಸಲೇಬಾರದು. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಆ ಉಕ್ಕಿನ ಹದ ಕೆಟ್ಟರೆ, ಪಾತೆ, ಅಂದರೆ ಕೀಸುವ ಅಲಗನ್ನು, ಹಿಡಿದಿಡುವ ಸ್ಕ್ರೂ ಒಂದು ದಿನ ಬಿಟ್ಟುಕೊಟ್ಟು, ಪಾತೆ ಎದುರು ನಿಂತವನ ಕಡೆಗೆ ಹಾರುತ್ತದೆ. ಅಲ್ಲಿ ಕಚ್ಚಿದ ಸ್ಕ್ರೂ ಇದ್ದರೆ ಎಣ್ಣೆ, ದಿನಗಳು, ಸರಿಯಾದ ಅಳತೆಯ ಪಾನಾ, ಕೊನೆಗೆ ಟರ್ನರನ ಡ್ರಿಲ್ಲು. ಬಿಚ್ಚಿದ ಹಳೆಯ ಸ್ಕ್ರೂಗಳನ್ನು ಮತ್ತೆ ಹಾಕಬಾರದು. ಬಹಳ ಹಳೆಯ ಮಷಿನ್ನುಗಳಲ್ಲಿ ಬಾಲ್ ಬೇರಿಂಗಿನ ಬದಲು ಬಿಳಿ ಲೋಹ ಎರಕ ಹೊಯ್ದ ಬೇರಿಂಗು ಇರುತ್ತದೆ. ತವರ ಹೆಚ್ಚಿರುವ ಆ ಲೋಹ 240 ಡಿಗ್ರಿಯ ಸುಮಾರಿಗೆ ಕರಗಲು ಶುರುವಾಗುತ್ತದೆ, ಜ್ವಾಲೆ ಹತ್ತಿರ ತಂದರೆ ಬೇರಿಂಗು ಸೋರಿಹೋಗುತ್ತದೆ. ಬೆಂಕಿ ಹಿಡಿಯುವ ಮುಂಚೆ ಮಷಿನ್ನನ್ನು ಹೊಟ್ಟಿನಿಂದ ದೂರ, ಬಯಲಿಗೆ ತಂದು ಒರೆಸಿ, ಪಕ್ಕದಲ್ಲಿ ಮರಳಿನ ಬಕೆಟ್ಟು ಇಟ್ಟುಕೊಳ್ಳಬೇಕು. ಎಣ್ಣೆಯಲ್ಲಿ ತೊಯ್ದ ಹೊಟ್ಟು ಹೊಗೆಯಾಡುತ್ತಲೇ ಇದ್ದು, ಎಲ್ಲರೂ ಊಟಕ್ಕೆ ಹೋದ ಮೇಲೆ ಉರಿ ಏಳುತ್ತದೆ.

ಈಗ ಸುತ್ತಿಗೆಯ ಮಾತು. ಮಷಿನ್ನಿನ ಮೈ, ಟೇಬಲ್ಲು, ಕೈಗಾಲಿ, ಪುಲ್ಲಿ ಬಹುತೇಕ ಬೀಡು. ಇಂಗಾಲ ನೂರಕ್ಕೆ ಎರಡರಿಂದ ನಾಲ್ಕರಷ್ಟಿದ್ದು, ಅದು ಪದರು ಪದರಾಗಿ ಒಳಗೆ ಹರಡಿರುತ್ತದೆ. ಮೇಲಿಂದ ಒತ್ತಿದರೆ ಬೀಡು ಬಹಳ ಭಾರವನ್ನು ತಾಳುತ್ತದೆ, ಎಳೆದರೆ ಅಥವಾ ಬಾಗಿಸಿದರೆ ಮುರಿಯುತ್ತದೆ. ಉಕ್ಕಿನಂತೆ ಬಾಗಿ ಎಚ್ಚರಿಕೆ ಕೊಡುವುದಿಲ್ಲ. ಕೈಗಾಲಿಯ ಅಂಚಿಗೆ ಹೊಡೆದರೆ ಅರ ಮುರಿಯುತ್ತದೆ, ಪುಲ್ಲಿಯ ಅಂಚಿಗೆ ಪುಲ್ಲರ್ ಸಿಕ್ಕಿಸಿದರೆ ಅಂಚು ಕಿತ್ತುಬರುತ್ತದೆ. ಎಳೆತ ಯಾವಾಗಲೂ ನಡುವಿನ ಗುಂಭದಿಂದ ಆಗಬೇಕು. ಹೊಡೆಯಲೇಬೇಕಾದರೆ ಎದುರು ಭಾಗಕ್ಕೆ ಗಟ್ಟಿ ಆಸರೆ ಕೊಟ್ಟು, ನಡುವೆ ಹಿತ್ತಾಳೆ ತುಂಡೋ ಜಾಲಿ ಕಟ್ಟಿಗೆ ತುಂಡೋ ಇಟ್ಟು ಹೊಡೆಯಬೇಕು. ಶಾಫ್ಟಿನ ತುದಿಗೆ ಬರಿ ಸುತ್ತಿಗೆ ಬಿದ್ದರೆ ತುದಿ ಅಣಬೆಯಂತೆ ಅರಳಿ, ಆಮೇಲೆ ಪುಲ್ಲಿ ಅದನ್ನು ದಾಟಿ ಬರುವುದೇ ಇಲ್ಲ. ಹಾಗೆ ಅರಳಿದ್ದರೆ ಮೊದಲು ಅರದಿಂದ ಉಜ್ಜಿ ಸರಿಮಾಡಿಕೊಂಡೇ ಮುಂದುವರಿಯಬೇಕು. ಬಿರುಕು ಬಿಟ್ಟ ಬೀಡನ್ನು ಹಿತ್ತಾಳೆ ಬೆಸುಗೆಯಿಂದ ಅಥವಾ ನಿಕ್ಕಲ್ ರಾಡಿನಿಂದ ಜೋಡಿಸಬಲ್ಲ ವೆಲ್ಡರುಗಳಿದ್ದಾರೆ. ಆದರೆ ಟೇಬಲ್ಲು ಬೆಸೆದ ಮೇಲೆ ಸೊಟ್ಟಗಾದರೆ ಆ ಮಷಿನ್ನು ಕಟ್ಟಿಗೆಯನ್ನು ನೆಟ್ಟಗೆ ಕೀಸುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ತಟ್ಟಿ ನೋಡಬೇಕು. ಗಟ್ಟಿ ಬೀಡು ಗಂಟೆಯಂತೆ ನಾದ ಕೊಡುತ್ತದೆ, ಬಿರುಕಿದ್ದದ್ದು ಒಡಕು ಸದ್ದು ಮಾಡುತ್ತದೆ.

ಬಿಡಿಸಿದ ಭಾಗಗಳನ್ನು ತೊಳೆಯುವ ದ್ರಾವಣಗಳ ಬಗ್ಗೆ ಬಹಳ ಹೇಳಬೇಕಿಲ್ಲ. ತಾಮ್ರದ ಕೊಡ ತಿಕ್ಕುವ ಹುಣಸೆಹುಳಿ ಸಣ್ಣ ಭಾಗಗಳ ಜಂಗಿಗೂ ನಡೆಯುತ್ತದೆ. ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಎರಡು ಮೂರು ವಾರ ಮುಳುಗಿಸಿಟ್ಟರೆ ಕಬ್ಬಿಣವನ್ನು ಹೆಚ್ಚು ತಿನ್ನದೆ ಜಂಗು ಬಿಡುತ್ತದೆ, ವಾಸನೆ ತಾಳಿಕೊಳ್ಳಬೇಕು. ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಭಾಗಕ್ಕೂ, ಧನ ತಂತಿಯನ್ನು ಬೇಡದ ಕಬ್ಬಿಣಕ್ಕೂ ಕೊಡುವ ವಿಧಾನ ಎಲ್ಲಕ್ಕಿಂತ ಶುದ್ಧ. ಹೊರಬರುವ ಜಲಜನಕ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಬಯಲಲ್ಲೇ ಮಾಡಬೇಕು. ಬೇಡದ ಕಬ್ಬಿಣದ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಇವೆಲ್ಲವೂ ಎದುರಿಗೆ ಕಾಣುವ ಜಂಗನ್ನು ತೆಗೆಯುತ್ತವೆ. ಎರಡು ಭಾಗ ಕಚ್ಚಿಕೊಂಡ ಸಂದಿಯೊಳಗೆ ಇವುಗಳ ಕೈ ಹೋಗುವುದಿಲ್ಲ. ಜೋಡಿಯಾಗಿಯೇ ಮುಳುಗಿಸಿಟ್ಟು ತಾನಾಗಿ ಬಿಡಲೆಂದು ಕಾಯುವುದು ವ್ಯರ್ಥ.

ಮೋಟರಿನ ವಿಷಯ ಮಾತ್ರ ಯಾರೂ ಕಡೆಗಣಿಸಬಾರದು. ಹಳೆಯ ಮಷಿನ್ನು ಬಂದ ದಿನ ಎಲ್ಲರಿಗೂ ಇರುವ ಆಸೆ ಸ್ವಿಚ್ಚು ಹಾಕಿ ನೋಡುವುದು. ಕರೆಂಟಿನ ಬಲದಿಂದಲೇ ಬಿಟ್ಟೀತೆಂಬ ನಂಬಿಕೆ. ತಿರುಗಲಾಗದ ಮೋಟರು ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆದು, ನೋಡನೋಡುತ್ತ ವೈಂಡಿಂಗು ಸುಟ್ಟುಕೊಳ್ಳುತ್ತದೆ. ಎಣ್ಣೆಗೆ ಆಗುವ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ರೀವೈಂಡಿಂಗ್ ಬಿಲ್ಲು ಸೇರುತ್ತದೆ. ಒಂದು ವೇಳೆ ಬಿಟ್ಟೇಬಿಟ್ಟರೆ ಅದು ಇನ್ನೂ ಅಪಾಯ, ಏಕೆಂದರೆ ಸ್ವಿಚ್ಚಿನ ಹೊತ್ತಿನಲ್ಲಿ ಯಾರಾದರೊಬ್ಬರ ಕೈ ಪಟ್ಟಾದ ಮೇಲೆ ಇರುತ್ತದೆ. ವೈರು ಕಳಚಿಟ್ಟು, ಪಟ್ಟಾ ತೆಗೆದು, ಮೋಟರನ್ನು ಬೇರೆ, ಮಷಿನ್ನನ್ನು ಬೇರೆ ಕೈಯಿಂದಲೇ ತಿರುಗಿಸಿ ನೋಡಿದರೆ ಕಚ್ಚಿರುವುದು ಎಲ್ಲೆಂಬುದೂ ಆಗಲೇ ತಿಳಿಯುತ್ತದೆ.

ಕೊನೆಗೂ ಬಿಡದ ಬೋಲ್ಟು ಇದ್ದೇ ಇರುತ್ತದೆ. ತಲೆ ಮುರಿದ ಬೋಲ್ಟಿನ ಮೇಲೆ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸುವುದು ಒಳ್ಳೆಯ ಉಪಾಯ, ವೆಲ್ಡಿಂಗಿನ ಶಾಖವೇ ಅರ್ಧ ಕೆಲಸ ಮಾಡಿರುತ್ತದೆ. ತೂತು ಕೊರೆದು ಎಡಗೈ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಹಾಕುವುದರಲ್ಲಿ ನನಗೆ ನಂಬಿಕೆ ಕಡಿಮೆ. ಅದು ಬೋಲ್ಟಿಗಿಂತ ಗಟ್ಟಿ, ಒಳಗೇ ಮುರಿದರೆ ಮಾಮೂಲಿ ಡ್ರಿಲ್ಲು ಅದರ ಮೇಲೆ ಓಡುವುದಿಲ್ಲ. ಬೋಲ್ಟನ್ನು ಪೂರ್ತಿ ಕೊರೆದು ತೆಗೆದು ಒಂದು ಅಳತೆ ದೊಡ್ಡ ಥ್ರೆಡ್ ಹಾಕಿಸಿಕೊಳ್ಳಲು ಲೇಥ್ ಅಂಗಡಿ ಬೇಕು. ಆ ಅಂಗಡಿಗಳಲ್ಲಿ ಇಂದಿಗೂ ದುಡಿಯುವ ಲೇಥುಗಳಲ್ಲಿ 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವೂ ಇವೆ. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದವರು. ಅಂಥ ಲೇಥೊಂದು ದಶಕಗಳಿಂದ ಓಡುತ್ತಿದೆಯೆಂದರೆ ಅದರ ಸ್ಲೈಡಿಗೆ ಯಾರೋ ತಪ್ಪದೆ ಎಣ್ಣೆ ಹಾಕುತ್ತ ಬಂದಿದ್ದಾರೆಂದೇ ಅರ್ಥ.

ಬಡಿಗ, ಟರ್ನರ್, ವೆಲ್ಡರ್ ಒಂದೇ ಮಷಿನ್ನಿನ ಮುಂದೆ ಕೂಡುವುದು ನಮ್ಮಲ್ಲಿ ಮುರಿದ ಮೇಲೆ. ಮುರಿಯುವ ಮೊದಲೇ ಕೂಡಬೇಕು. ಒಳ್ಳೆಯ ಮೂರು ಕಾಲಿನ ಪುಲ್ಲರ್, ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಪಿನ್ನು ಹೊಡೆಯುವ ಪಂಚಿನ ಸೆಟ್ಟು: ಇವು ಒಬ್ಬನಿಗೆ ವರ್ಷಕ್ಕೆ ಎರಡು ಸಲ ಬೇಕಾಗುವ ಸಾಮಾನು. ಲಕ್ಷ್ಮೇಶ್ವರದ ಹತ್ತು ಶೆಡ್ಡುಗಳವರು ಕೂಡಿ ಒಂದು ಸೆಟ್ಟು ಇಟ್ಟುಕೊಂಡರೆ ಸಾಕು. ಜಿಲ್ಲೆಯ ಐಟಿಐಗಳಲ್ಲಿ ಬಡಗಿತನ ಕಲಿಯುವ ಹುಡುಗರಿಗೆ ವರ್ಷಕ್ಕೊಂದು ಹಳೆಯ ಮಷಿನ್ನು ಪೂರ್ತಿ ಬಿಚ್ಚಿ ಜೋಡಿಸುವ ಪಾಠ ಸಿಗಬೇಕೆಂದು ನನ್ನ ಬಲವಾದ ಒತ್ತಾಯ. ನಾಳೆ ಅವರ ಕೈಗೆ ಬರುವುದು ಹಳೆಯ ಮಷಿನ್ನೇ.

ಜೋಡಿಸುವಾಗ ಪ್ರತಿ ಥ್ರೆಡ್ಡಿಗೂ ಗ್ರಾಫೈಟ್ ಅಥವಾ ತಾಮ್ರದ ಪುಡಿ ಬೆರೆತ ಗ್ರೀಸು ತೆಳುವಾಗಿ ಸವರಬೇಕು, ಕಟರ್ ಬ್ಲಾಕು ಮತ್ತು ಬ್ಲೇಡಿನ ನಟ್ಟನ್ನು ಬಿಟ್ಟು. ಹೊಟ್ಟು ಬೀಳುವ ಸ್ಕ್ರೂಗಳಿಗೆ ಹಸಿ ಗ್ರೀಸು ಬೇಡ, ಅದೇ ಮತ್ತೆ ಹೊಟ್ಟನ್ನು ಹಿಡಿದು ಒಣಗುತ್ತದೆ. ಅಲ್ಲಿಗೆ ಒಣ ಮೇಣವೋ ಗ್ರಾಫೈಟ್ ಪುಡಿಯೋ ಸಾಕು. ಟೇಬಲ್ಲಿಗೂ ಮೇಣ ಉಜ್ಜಿ ಒರೆಸಿದರೆ ಕಟ್ಟಿಗೆ ಜಾರುತ್ತದೆ, ತೇವ ತಾಗುವುದಿಲ್ಲ. ಬಿಚ್ಚುವಾಗ ಮೂಲೆಗಿಟ್ಟ ಗಾರ್ಡುಗಳು ಬಹಳ ಸಲ ಮೂಲೆಯಲ್ಲೇ ಉಳಿಯುತ್ತವೆ. ಅವನ್ನು ಮರಳಿ ಕೂರಿಸುವವರೆಗೆ ಮೋಟರಿಗೆ ವೈರು ಕೊಡಬಾರದು. ವೈರು ಕೊಟ್ಟ ಮೇಲೆ ಮೊದಲ ಓಟ ಪಾತೆಯಿಲ್ಲದೆ, ಪಕ್ಕಕ್ಕೆ ನಿಂತು, ಬೇರಿಂಗಿನ ಮನೆಗೆ ಕೈ ತಾಗಿಸಿ ಬಿಸಿ ನೋಡುತ್ತ ಹತ್ತು ನಿಮಿಷ ಆಗಬೇಕು. ಬಿಸಿ ಏರುತ್ತಿದ್ದರೆ ನಿಲ್ಲಿಸಿ, ಬೇರಿಂಗು ಬದಲಿಸಿ, ಆಮೇಲೆ ಪಾತೆ ಹಾಕಬೇಕು.